ಮೀನಾಕ್ಷಯ್ಯನ ಕಾಗದ

ನಮ್ಮ ಮನೆಯ ಮೀನಿನ ಮಡಕೆ ವರ್ಷಕ್ಕೆ ಎರಡು ತಿಂಗಳು ಹಿತ್ತಲ ಗೋಡೆಯ ಮೇಲೆ ಬೋರಲಾಗಿ ಕೂತಿರುತ್ತಿತ್ತು. ಗೊರೂರು ಅಣೆಕಟ್ಟೆಯ ಗೇಟು ತೆಗೆದರೆಂದರೆ ಹೊಳೆನರಸೀಪುರದ ಸೇತುವೆಯ ಕೆಳಗೆ ಹೇಮಾವತಿ ಕೆಂಪಗೆ, ದಪ್ಪಗೆ, ಮುರಿದ ಕೊಂಬೆಗಳನ್ನೂ ಬುಡ ಕಿತ್ತ ಬಾಳೆಗಿಡಗಳನ್ನೂ ಹೊತ್ತು ಹರಿಯುತ್ತಿದ್ದಳು. ಅಂಥ ನೀರಿಗೆ ಗಾಳ ಹಾಕುವವರು ಯಾರೂ ಇರಲಿಲ್ಲ. ಬೆಂಡು ನಿಲ್ಲುವುದಿಲ್ಲ, ಮೀನಿಗೆ ಹುಳ ಕಾಣುವುದಿಲ್ಲ, ಕಾಲಿಡುವವನಿಗೆ ದಡದ ಕಲ್ಲು ಕಾಣುವುದಿಲ್ಲ. ಅಪ್ಪ ತನ್ನ ಬಿದಿರು ಗಳಗಳಿಗೆ ಹರಳೆಣ್ಣೆ ಸವರಿ ಅಟ್ಟಕ್ಕೆ ಏರಿಸುತ್ತಿದ್ದ. ಆಮೇಲೆ ಜಗಲಿಗೆ ಬಂದು, ಕೆಲಸ ಕಳೆದುಕೊಂಡವನಂತೆ ಕೂರುತ್ತಿದ್ದ. ಬಾಲ್ಯ ಎಂದರೆ ನನಗೆ ಮೊದಲು ನೆನಪಿಗೆ ಬರುವುದು ಆ ಎರಡು ತಿಂಗಳು. ಉಳಿದ ಹತ್ತು ತಿಂಗಳಲ್ಲಿ ನಾವು ಏನು ಉಂಡೆವು, ಯಾವ ಹಬ್ಬ ಮಾಡಿದೆವು ಎಂಬುದೆಲ್ಲ ಮಸುಕಾಗಿದೆ. ಮಳೆಗಾಲ ಮಾತ್ರ ಮಸುಕಾಗುವುದಿಲ್ಲ. ಮಸುಕಾದರೆ ಸಾಕು ಎಂದು ನಾನು ಅಂದುಕೊಂಡ ವರ್ಷಗಳೂ ಇವೆ.

ಪೇಟೆಯಿಂದ ಹೊಳೆಗೆ ಇಳಿಯುವ ಬೀದಿಯಲ್ಲಿ ನಮ್ಮ ಮನೆ. ಮುಂದೆ ಉದ್ದನೆಯ ಜಗಲಿ, ಅದಕ್ಕೆ ಅಂಟಿಕೊಂಡಂತೆ ಅಪ್ಪನ ಹಿಟ್ಟಿನ ಮಿಲ್ಲು. ಒಳಗೆ ಹಗಲಲ್ಲೂ ದೀಪ ಬೇಕಾಗುವ ನಡುಮನೆ, ಅದರಾಚೆ ಅಡುಗೆಮನೆ, ಬಚ್ಚಲು, ಹಿತ್ತಲು. ಮಿಲ್ಲಿನ ರಾಗಿಹಿಟ್ಟು ಗೋಡೆ ದಾಟಿ ಬರುತ್ತಿತ್ತು. ನಮ್ಮ ಮನೆಯ ತೊಲೆ, ಕಿಟಕಿ, ದೇವರ ಪಟದ ಗಾಜು, ಅಪ್ಪನ ಹುಬ್ಬು ಎಲ್ಲವೂ ಒಂದೇ ಬಣ್ಣ. ಅಡುಗೆಮನೆಯಲ್ಲೇ ದೇವರ ಗೂಡು ಇದ್ದುದರಿಂದ ಅವ್ವ ಅಲ್ಲಿಗೆ ಮೀನು ಬಿಟ್ಟುಕೊಳ್ಳುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದಕ್ಕೇ ಅಂತ ಒಂದು ಮಣ್ಣಿನ ಮಡಕೆ, ಒಂದು ಸೌಟು. ಸೋಮವಾರ, ಶನಿವಾರ ಅದೂ ಇಲ್ಲ. ಶನಿವಾರ ಸಂಜೆ ಅಪ್ಪ ದೊಡ್ಡ ಗೆಂಡೆ ಹಿಡಿದು ತಂದುಬಿಟ್ಟರೆ ಇಬ್ಬರಿಗೂ ಜಗಳ. ಅವ್ವ ಬಚ್ಚಲ ತೊಟ್ಟಿಗೆ ನೀರು ತುಂಬಿಸಿ ಮೀನನ್ನು ಭಾನುವಾರದವರೆಗೆ ಜೀವಂತ ಇಡುತ್ತಿದ್ದಳು. ಆ ರಾತ್ರಿ ಕಾಲು ತೊಳೆಯಲು ಹೋದವರೆಲ್ಲ ಮೀನಿನ ಜೊತೆ ಎರಡು ಮಾತಾಡಿ ಬರುತ್ತಿದ್ದೆವು.

ಅಪ್ಪನ ಗಾಳದ ಗೆಳೆಯರು ಇಬ್ಬರು. ಸೈಕಲ್ ಶಾಪಿನ ಬಶೀರಣ್ಣ, ಟೈಲರ್ ದ್ಯಾವಣ್ಣ. ಬಶೀರಣ್ಣ ಸಣಕಲು ಮೈಯವನು, ನಗದೆಯೇ ಇನ್ನೊಬ್ಬರನ್ನು ನಗಿಸುವವನು. ದ್ಯಾವಣ್ಣ ದಪ್ಪಗೆ, ಕುತ್ತಿಗೆಯಲ್ಲಿ ಯಾವಾಗಲೂ ಅಳತೆಯ ಟೇಪು, ತುಟಿಯ ಮೂಲೆಯಲ್ಲಿ ಒಂದು ಗುಂಡುಸೂಜಿ. ಯಾರು ಏನು ಹೇಳಿದರೂ ನಂಬುತ್ತಿದ್ದ. ಸುಳ್ಳೆಂದು ಗೊತ್ತಾದ ಮೇಲೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ. ಗಾಳದ ಹುಚ್ಚು ಮೂವರಲ್ಲಿ ಅವನಿಗೇ ಜಾಸ್ತಿ. ಹೊಳೆ ಕೆಂಪಾದ ದಿನದಿಂದ ಅವನ ಮುಖ ನೋಡಲಾಗುತ್ತಿರಲಿಲ್ಲ. ಮೂವರೂ ಸಂಜೆ ನಮ್ಮ ಜಗಲಿಯಲ್ಲಿ ಸೇರಿ, ಹುರಿಗಡಲೆ ತಿನ್ನುತ್ತ, ಆ ಎರಡು ತಿಂಗಳನ್ನು ಹುಡುಗಾಟದಲ್ಲಿ ಕಳೆಯುತ್ತಿದ್ದರು. ಬಚ್ಚಲ ಹಂಡೆಗೆ ಬದನೆಕಾಯಿ ಬಿಟ್ಟು ಗಾಳ ಹಾಕುವ ಪಂದ್ಯ. ಜಗಲಿಯ ಮೇಲಿಂದ ದಾರ ಬೀಸಿ ಎದುರು ಮನೆಯವರ ಒಣಹಾಕಿದ ಟವಲನ್ನು ಎಳೆಯುವ ಪಂದ್ಯ. ಒಮ್ಮೆ ದ್ಯಾವಣ್ಣ ಸಾಕಿಕೊಂಡಿದ್ದ ಎರೆಹುಳದ ಡಬ್ಬಿಗೆ ಬಿಸಿಲು ಬಿದ್ದು ಹುಳವೆಲ್ಲ ಸತ್ತಾಗ, ಬಶೀರಣ್ಣ ಡಬ್ಬಿಗೆ ಬಿಳಿ ಬಟ್ಟೆ ಸುತ್ತಿ ಹಿತ್ತಲಲ್ಲಿ ಹೂಳಿಸಿ, ಮೂರು ದಿನ ಯಾರೂ ಮೀನಿನ ಮಾತೆತ್ತಬಾರದು ಎಂದು ಸೂತಕ ಹಾಕಿದ.

ನನಗೆ ಕೊಟ್ಟ ಕೆಲಸ ಮೀನಿನ ಉದ್ದ ಬರೆದಿಡುವುದು. ತಪ್ಪಿಸಿಕೊಂಡ ಮೀನಿನ ಕಥೆ ಹೇಳುವವನು ಎರಡು ಕೈ ಚಾಚಿ ಅದರ ಉದ್ದ ತೋರಿಸಬೇಕು. ನಾನು ದ್ಯಾವಣ್ಣನ ಟೇಪು ಹಿಡಿದು ಕೈಯಿಂದ ಕೈಗೆ ಅಳೆದು ನನ್ನ ಹಳೆಯ ಕಾಪಿ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಮಳೆಗಾಲ ಅದೇ ಕಥೆಯನ್ನು ಮತ್ತೆ ಹೇಳಿಸಿ, ಮತ್ತೆ ಅಳೆದು, ಹಳೆಯ ಅಳತೆಯನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ.

"ನೋಡ್ಲಾ ದ್ಯಾವ, ತಪ್ಪಿಸ್ಕಂಡೋದ್ಮೇಲೆ ಚೆನ್ನಾಗಿ ಮೇಯ್ದಿರಂಗೈತೆ. ಒಂದು ವರ್ಸಕ್ಕೆ ಒಂದು ಮೊಳ ಬೆಳ್ದೈತೆ," ಎಂದು ಅಪ್ಪ ಹೇಳಿದರೆ ದ್ಯಾವಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನಾನು ಏಳನೇ ತರಗತಿಯಲ್ಲಿದ್ದೆ. ನನ್ನ ಕೈಬರಹ ಶಾಲೆಗೇ ಹೆಸರಾಗಿತ್ತು. ಒಂದು ಮಳೆಗಾಲ, ಶಾಲೆಯಲ್ಲಿ ರಜಾ ಅರ್ಜಿ ಬರೆಯುವುದನ್ನು ಕಲಿಸಿದ ದಿನ, ಯಾರೂ ಹೇಳದೆ ನಾನೇ ಒಂದು ಅರ್ಜಿ ಬರೆದು ಜಗಲಿಗೆ ತಂದೆ. ಇಂದ, ಗೆಂಡೆ ಮೀನು, ಸೇತುವೆ ಕೆಳಗೆ, ಹೇಮಾವತಿ. ಗೆ, ರಾಜಣ್ಣ ಮತ್ತು ಸಂಗಡಿಗರು, ಜಗಲಿ, ಹೊಳೆನರಸೀಪುರ. ಮಾನ್ಯರೇ, ನನಗೆ ಮೊಟ್ಟೆ ಇಡುವ ಕಾಲ ಬಂದಿರುವುದರಿಂದ ಎರಡು ತಿಂಗಳು ತಮ್ಮ ಗಾಳಕ್ಕೆ ಹಾಜರಾಗಲು ಸಾಧ್ಯವಿಲ್ಲ. ಅಲ್ಲಿಯವರೆಗೆ ತಾವುಗಳು ಮನೆಯಲ್ಲಿ ಸೊಪ್ಪಿನ ಸಾರು ಉಂಡುಕೊಂಡಿರಬೇಕಾಗಿ ವಿನಂತಿ. ಇಂತಿ ತಮ್ಮ ವಿಧೇಯಳು. ರಾಜಣ್ಣನೆಂದರೆ ಅಪ್ಪ, ಅವನೇ ಅದನ್ನು ಗಟ್ಟಿಯಾಗಿ ಓದಿದ. ನಕ್ಕು ನಕ್ಕು ದ್ಯಾವಣ್ಣನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಇಸಿದುಕೊಂಡು ಹೋಗಿ ತನ್ನ ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದ. ಬಟ್ಟೆ ಅಳತೆ ಕೊಡಲು ಬಂದವರಿಗೆಲ್ಲ ಓದಿ ಹೇಳುತ್ತಿದ್ದನಂತೆ. ನನ್ನನ್ನು ಬೀದಿಯಲ್ಲಿ ಕಂಡರೆ, "ಏನ್ ಮೇಡಮ್ಮೋರೆ, ಮೀನಿಗೆ ರಜ ಸ್ಯಾಂಕ್ಸನ್ ಆಯ್ತಾ?" ಎನ್ನುತ್ತಿದ್ದ. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇರೆ ಇರಲಿಲ್ಲ. ಇನ್ನೊಮ್ಮೆ ಹಾಗೆ ನಗಿಸಬೇಕು ಎಂದು ನಾನು ಒಂದು ವರ್ಷ ಕಾದೆ.

ಮರುವರ್ಷ ಮಳೆ ಜಾಸ್ತಿ. ಹೊಳೆ ಬೇಗ ಕೆಂಪಾಯಿತು. ದ್ಯಾವಣ್ಣನ ಬೇಸರವೂ ಜಾಸ್ತಿಯಾಯಿತು. ಅವನನ್ನು ಏಮಾರಿಸಲು ಬಶೀರಣ್ಣ ಒಂದು ಉಪಾಯ ಮಾಡಿದ. ಮೈಸೂರಿನಲ್ಲಿ ದೊಡ್ಡ ಗಾಳಗಾರರೊಬ್ಬರು ಇದ್ದಾರೆ, ಅವರು ದ್ಯಾವಣ್ಣನ ಹೆಸರು ಕೇಳಿ ಅವನನ್ನು ನೋಡಲು ಬರುತ್ತಾರೆ ಅಂತ ಒಂದು ಕಾಗದ ಬರೆಯುವುದು. ಭಾನುವಾರ ಹನ್ನೊಂದು ಗಂಟೆಯ ಬಸ್ಸಿಗೆ ಬರುತ್ತೇನೆ, ಗುರುತಿಗೆ ಗಾಳದ ಗಳ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರಿ ಎನ್ನುವುದು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಳೆಯಲ್ಲಿ ಗಳ ಹಿಡಿದು ನಿಂತಿರುವಾಗ ಇವರಿಬ್ಬರೂ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನೋಡುವುದು. ಅಷ್ಟೇ. ಸ್ಪೇರ್ ಪಾರ್ಟು ತರಲು ಬಶೀರಣ್ಣ ಹೇಗೂ ಮೈಸೂರಿಗೆ ಹೋಗುವವನಿದ್ದ. ಅಲ್ಲಿಂದಲೇ ಪೋಸ್ಟಿಗೆ ಹಾಕಿದರೆ ಮೈಸೂರಿನ ಮೊಹರೂ ಬೀಳುತ್ತದೆ.

"ಎಸ್ರೇನು ಮಡಗ್ವ?" ಎಂದ ಅಪ್ಪ.

"ಮೀನಾಕ್ಷಯ್ಯ," ಎಂದ ಬಶೀರಣ್ಣ.

"ಎಸ್ರಲ್ಲೇ ಮೀನೈತಲ್ಲೋ. ಗೊತ್ತಾಗ್ಬುಡುತ್ತೆ ಕಣ."

"ಅವ್ನಿಗೆ ಗೊತ್ತಾಗಲ್ಲ."

ನಡುಮನೆಯ ಕಂಬಕ್ಕೆ ಒರಗಿ ಕೂತು ನಾನು ಬರೆದೆ. ರಜಾ ಅರ್ಜಿಯ ಕೈಬರಹ ಅವನಿಗೆ ಪರಿಚಯವಿದ್ದದ್ದರಿಂದ ಅಕ್ಷರವನ್ನು ಸ್ವಲ್ಪ ಓರೆಯಾಗಿಸಿ, ದೊಡ್ಡವರಂತೆ ಬರೆದೆ. ಅಪ್ಪ, ಬಶೀರಣ್ಣ ಹೇಳಿದ್ದೆಲ್ಲ ಮುಗಿದ ಮೇಲೂ ಹಾಳೆಯ ಕೆಳಗೆ ಎರಡು ಗೆರೆ ಉಳಿದಿತ್ತು. ಖಾಲಿ ಬಿಡಲು ಮನಸ್ಸಾಗಲಿಲ್ಲ. ಶಾಲೆಯ ಪಾಠದಲ್ಲಿ ಕಾಗದದ ಕೊನೆಗೆ ಒಂದು ಆತ್ಮೀಯ ಮಾತು ಇರಬೇಕು ಎಂದಿದ್ದರು. ನಾನು ಬರೆದೆ: ನಿಮ್ಮ ಕೈಯಾರೆ ಹಿಡಿದ ಮೀನಿನ ಸಾರಿನ ಊಟವನ್ನು ನಿಮ್ಮ ಮನೆಯಲ್ಲೇ ಮಾಡಬೇಕೆಂಬ ಆಸೆ ಇದೆ. ಅಪ್ಪ ಓದಿ, ನನ್ನ ತಲೆಯ ಮೇಲೆ ಕೈಯಿಟ್ಟ.

"ಇದು ಚೆನ್ನಾಗೈತೆ ಮಗ. ಇದೇ ಗ್ಯಾನವಾಗಿರ್ಲಿಲ್ಲ ನಮ್ಗೆ," ಎಂದ.

ಅವ್ವ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ಪಾಪದವನನ್ನು ಯಾಕೆ ಹಂಗೆ ಗೋಳುಹೊಯ್ದುಕೊಳ್ಳುತ್ತೀರಿ ಎಂದಳು. ಅಪ್ಪ, ಅವನಿಗೂ ನಗು ಬರುತ್ತದೆ ಬಿಡು ಎಂದ. ಅದು ಸುಳ್ಳಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿ ಊಟ ಮಾಡುವುದು, ಅವನನ್ನು ಮಧ್ಯೆ ಕೂರಿಸಿ ನಗುವುದು ಅಂತಲೇ ಅವ್ವನ ಕೈಯಲ್ಲಿ ಹಿಂದಿನ ದಿನ ಒಬ್ಬಟ್ಟಿನ ಹೂರಣ ಮಾಡಿಸಿದ್ದರು.

ಕಾಗದ ಬಂದ ದಿನ ದ್ಯಾವಣ್ಣ ನಮ್ಮ ಜಗಲಿಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವನು ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದ. ಮೈಸೂರಿನವರು ಬಂದ ಮೇಲೆ ಅವರನ್ನು ಕರೆದುಕೊಂಡೇ ನಮ್ಮ ಜಗಲಿ ಹತ್ತಿ ಗೆಳೆಯರಿಗೆ ಬೆರಗು ಹುಟ್ಟಿಸಬೇಕು ಎಂದಿದ್ದನಂತೆ. ಇದು ನಮಗೆ ಆಮೇಲೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಅಪ್ಪನೂ ಬಶೀರಣ್ಣನೂ ಹೋಟೆಲಿನಲ್ಲಿ ಕೂತರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹನ್ನೊಂದರ ಬಸ್ಸು ಬಂತು, ಹೋಯಿತು. ದ್ಯಾವಣ್ಣ ಕಾಣಲಿಲ್ಲ. ನನಗೆ ಎರಡನೇ ಸಲ ಪೂರಿ ಕೊಡಿಸಿದರು. ಹನ್ನೆರಡಾಯಿತು. ಬಶೀರಣ್ಣ, "ಈ ಸಲ ಕಚ್ಚಲಿಲ್ಲ ಕಣಣ್ಣ, ಬುದ್ದಿವಂತ ಆಗ್ಬುಟ್ಟವ್ನೆ," ಎಂದ. ಇಬ್ಬರೂ ನಗುತ್ತ ಎದ್ದರು. ದಾರಿಯಲ್ಲಿ ಬಟ್ಟೆ ಒಗೆಯುವ ಚಿಕ್ಕಣ್ಣ ಎದುರಿಗೆ ಬಂದ.

"ರಾಜಣ್ಣೋರೆ, ದ್ಯಾವಣ್ಣನ ಮನೆಗೆ ಯಾರೋ ದೊಡ್ಡ ನೆಂಟ್ರು ಬತ್ತಾವ್ರಂತೆ? ಈ ನೀರಲ್ಲಿ ಗಾಳ ಇಡ್ಕಂಡು ಕಾಲುವೆ ಬಾಯ್ತಾವ ಇಳೀತಿದ್ದ. ಬ್ಯಾಡ ಕಣಪ್ಪ ಅಂದೆ. ಒಂದೇ ಒಂದು ಮೀನು ಸಾಕು ಕಣ, ಬಂದೋರ್ಗೆ ಬರೀ ತಟ್ಟೆ ಇಕ್ಕಕಾಯ್ತದಾ ಅಂದ."

ಅಪ್ಪ ನನ್ನ ಕೈ ಬಿಟ್ಟ. ಆಮೇಲೆ ಇಬ್ಬರೂ ಓಡಿದರು. ನಾನೂ ಹಿಂದೆ ಓಡಿದೆ, ಸೇತುವೆಯ ಹತ್ತಿರ ಯಾರೋ ನನ್ನನ್ನು ಹಿಡಿದು ನಿಲ್ಲಿಸಿದರು. ಕಾಲುವೆಯ ಬಾಯಿಯ ಹತ್ತಿರ ಹೊಳೆ ಸ್ವಲ್ಪ ಒಳಕ್ಕೆ ತಿರುಗಿ ನಿಧಾನವಾಗುತ್ತಿತ್ತು. ಅಲ್ಲಾದರೆ ಗಾಳಕ್ಕೆ ಏನಾದರೂ ಬಿದ್ದೀತು ಎಂದು ಅವನಿಗೆ ಅನ್ನಿಸಿರಬೇಕು. ದಡದ ಮೇಲೆ ಅವನ ಚಪ್ಪಲಿ ಇತ್ತು, ಎರೆಹುಳದ ಡಬ್ಬಿ ಇತ್ತು. ಇಸ್ತ್ರಿ ಮಾಡಿದ ಅಂಗಿಯನ್ನು ಕೆಸರಾಗಬಾರದೆಂದು ಬಿಚ್ಚಿ, ಮಡಿಸಿ, ಕೊಡೆಯ ಕೆಳಗೆ ಇಟ್ಟಿದ್ದ. ಅವನು ಸಿಕ್ಕಿದ್ದು ಮಂಗಳವಾರ, ಹೊಳೆ ಹರಿಯುವ ದಿಕ್ಕಿನಲ್ಲಿ ಬಹಳ ದೂರದಲ್ಲಿ. ದ್ಯಾವಣ್ಣನ ಹೆಂಡತಿ ಜಯಮ್ಮ ಭಾನುವಾರ ಬೆಳಿಗ್ಗೆಯೇ ಖಾರ ಅರೆದು, ಹುಣಸೆಹಣ್ಣು ನೆನೆಹಾಕಿ, ಮನೆ ಸಾರಿಸಿ ಕೂತಿದ್ದಳಂತೆ. ಅವ್ವ ಅವರ ಮನೆಗೆ ಹೋಗಿ ಬಂದು ಅದನ್ನು ಹೇಳಿದಳು. ಅರೆದ ಖಾರ ಮೂರನೆಯ ದಿನ ನೊರೆ ಬಂದಿತ್ತು, ತಾನೇ ಎತ್ತಿ ಚೆಲ್ಲಿ ಬಂದೆ ಎಂದಳು. ಹೇಳಿ, ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ನಮ್ಮ ಮನೆಯ ಹೂರಣವನ್ನು ದನಕ್ಕೆ ಹಾಕಿದರು.

ಅದಾದ ಮೇಲೆ ನಮ್ಮ ಮನೆಯಲ್ಲಿ ಶಬ್ದವಿರಲಿಲ್ಲ. ಮಿಲ್ಲು ನಡೆಯುವಾಗ ಅದರ ಸದ್ದು, ನಿಂತಾಗ ಅದೂ ಇಲ್ಲ. ಅಪ್ಪ ಅಟ್ಟದಿಂದ ಗಳಗಳನ್ನು ಇಳಿಸಿ ಮುರಿದು ಬಚ್ಚಲ ಒಲೆಗೆ ಹಾಕಿದ. ಎಣ್ಣೆ ಕುಡಿದ ಬಿದಿರು, ಚಟಪಟ ಎಂದು ಉರಿಯಿತು. ಆ ಬೆಂಕಿಯಲ್ಲಿ ಕಾದ ನೀರಲ್ಲಿ ನಾವು ಮೂವರೂ ಸ್ನಾನ ಮಾಡಿದೆವು. ಬಶೀರಣ್ಣ ಒಂದು ಸಲ ಬಂದು ಜಗಲಿಯ ಕೆಳಗೇ ನಿಂತು, "ಅಣ್ಣ," ಎಂದ. ಅಪ್ಪ ಒಳಗಿಂದ ಹೊರಗೆ ಬರಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು ಹೋದ. ಮುಂದಿನ ವರ್ಷ ಅಂಗಡಿ ಮುಚ್ಚಿ, ಹಾಸನದಲ್ಲಿ ಅಣ್ಣನ ಗ್ಯಾರೇಜು ಸೇರಿಕೊಂಡ. ಊಟಕ್ಕೆ ಕೂತರೆ ಅಪ್ಪನಿಗೂ ಅವ್ವನಿಗೂ ಒಂದೇ ಮಾತಿನ ಜಗಳ.

"ಯೇಳ್ಬುಡಿ ಆ ಯಮ್ಮನ್ಗೆ. ಇವತ್ತಲ್ಲ ನಾಳೆ ಗೊತ್ತಾಗ್ಲೇಬೇಕು."

"ಏನಂತ ಯೇಳನೆ? ತಮಾಸಿಗೆ ಮಾಡುದ್ವು ಅನ್ಲಾ?"

ಮುದ್ದೆ ಆರುತ್ತಿತ್ತು. ನಾನು ಇಬ್ಬರ ಮಧ್ಯೆ ಕೂತು, ತಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತ, ಇವರಲ್ಲಿ ಯಾರಾದರೂ ಆ ಊಟದ ಸಾಲಿನ ಮಾತು ಎತ್ತುತ್ತಾರೇನೋ ಎಂದು ಕಾಯುತ್ತಿದ್ದೆ. ಯಾರೂ ಎತ್ತಲಿಲ್ಲ. ಎತ್ತಿದ್ದರೆ, ಬೈದಿದ್ದರೆ, ಎರಡು ಏಟು ಹಾಕಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೇನೋ. ಶಾಲೆಯಲ್ಲಿ ನಾನು ಬೇಕೆಂದೇ ಅಕ್ಷರ ಕೆಡಿಸಿಕೊಂಡೆ. ಕಾಗೆಯ ಕಾಲು, ಗುಬ್ಬಿಯ ಕಾಲು ಎಂದು ಮೇಷ್ಟರು ಅಂಗೈಗೆ ಹೊಡೆದರು. ಆಮೇಲೆ ಸರಿಮಾಡಿಕೊಳ್ಳಬೇಕೆಂದರೂ ಬರಲಿಲ್ಲ. ಇವತ್ತಿಗೂ ನನ್ನ ಅಕ್ಷರ ಕೆಟ್ಟದ್ದೇ.

ತಿಥಿ ಮುಗಿದು ಹದಿನೈದು ದಿನಕ್ಕೆ ಜಯಮ್ಮ ನಮ್ಮ ಮನೆಗೆ ಬಂದಳು. ನಡುಮನೆಯಲ್ಲಿ, ನಾನು ಆ ಕಾಗದ ಬರೆದ ಕಂಬದ ಬುಡದಲ್ಲೇ ಕೂತಳು. ಅಪ್ಪ ಕುರ್ಚಿಯಲ್ಲಿದ್ದ. ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು. ನಾನು ಅದನ್ನು ದೂರದಿಂದಲೇ ಗುರುತಿಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಮಗಳು ಶೋಭಾಳ ಕೈಯಲ್ಲಿ ಎಷ್ಟೋ ಸಲ ಓದಿಸಿ ಅವಳಿಗೆ ಬಾಯಿಗೆ ಬಂದಿತ್ತು.

"ಸುಧಾ, ಒಂದು ಕಾಗ್ದ ಬರ್ಕೊಡವ್ವ. ನಮ್ಮ ಸೋಬನ್ನ ಕೇಳುದ್ರೆ ಬರಿಯಕ್ ಕೂತು ಅಳ್ತಾಳೆ. ಮೀನಾಕ್ಷಯ್ಯನೋರ್ಗೆ ಬರೀಬೇಕು. ಅವತ್ತು ಬಂದು, ಬಸ್‌ಸ್ಟ್ಯಾಂಡಲ್ಲಿ ಯಾರೂ ಇಲ್ದೆ ನೋಡಿ, ವಾಪಸ್ ವೋಗಿರ್ತಾರೆ ಪಾಪ. ಕರ್ಸ್ಕಂಡು ಮೋಸ ಮಾಡ್ದ ಅಂದ್ಕಬಾರ್ದು ನಮ್ಮೆಜಮಾನ್ರನ್ನ."

ನಾನು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ನಾನು ಹೋಗಿ ಹಾಳೆ ತಂದೆ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಮೀನಾಕ್ಷಯ್ಯನವರಿಗೆ ದ್ಯಾವಣ್ಣನ ಹೆಂಡತಿ ಜಯಮ್ಮ ಮಾಡುವ ನಮಸ್ಕಾರ. ನೀವು ಬರುತ್ತೀರಿ ಅಂತ ಅವರು ಬಹಳ ಸಂತೋಷವಾಗಿದ್ದರು. ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ನಿಮಗೋಸ್ಕರ ಮೀನು ತರಲು ಹೋಗಿ ತೀರಿಕೊಂಡರು. ಇದನ್ನು ನಿಮ್ಮ ತಪ್ಪು ಅಂದುಕೊಳ್ಳಬೇಡಿ. ಇನ್ನು ಯಾವಾಗಲಾದರೂ ಈ ಕಡೆ ಬಂದರೆ ನಮ್ಮ ಮನೆಯಲ್ಲಿ ಒಂದು ತುತ್ತು ಉಂಡು ಹೋಗಿ, ಅವರ ಆತ್ಮಕ್ಕೆ ನೆಮ್ಮದಿಯಾಗುತ್ತದೆ. ಇದನ್ನು ನಿಮ್ಮ ತಪ್ಪು ಅಂದುಕೊಳ್ಳಬೇಡಿ ಎಂಬಲ್ಲಿ ಅಪ್ಪ ಎದ್ದು ಬಚ್ಚಲಿಗೆ ಹೋದ. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿತು. ಕಾಗದವನ್ನು ನಾನೇ ಹಾಕುತ್ತೇನೆ ಎಂದು ಅಪ್ಪ ಇಸಿದುಕೊಂಡ. ಎಲ್ಲಿಗೆ ಹಾಕುವುದು? ಆ ವಿಳಾಸದಲ್ಲಿದ್ದ ಬೀದಿಯನ್ನೂ ಬಶೀರಣ್ಣನೇ ಹುಟ್ಟಿಸಿದ್ದ.

ಜಯಮ್ಮ ಅಂಗಡಿ ಮಾರಿ, ಮಗಳನ್ನು ಕರೆದುಕೊಂಡು ಅರಕಲಗೂಡಿನಲ್ಲಿದ್ದ ತಮ್ಮನ ಮನೆಗೆ ಹೋದಳು. ಅಲ್ಲಿ ಮಿಷನ್ ತುಳಿದು ರವಿಕೆ ಹೊಲಿಯುತ್ತಿದ್ದಳು. ಹೊಳೆನರಸೀಪುರಕ್ಕೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಅವ್ವ ಕಾಫಿ ಕೊಟ್ಟರೆ ಕುಡಿದು, ಲೋಟ ತೊಳೆದಿಟ್ಟು, ಕೊನೆಗೆ ಬಾಗಿಲ ಹತ್ತಿರ ಕೇಳುತ್ತಿದ್ದಳು.

"ರಾಜಣ್ಣ, ಅವ್ರಿಂದ ಏನಾರ ಬಂದಿತ್ತಾ?"

"ಇಲ್ಲ ಕಣವ್ವ."

"ಬ್ಯಾಸ್ರ ಆಗಿರ್ತದೆ. ದೊಡ್ಡೋರು."

ಹೀಗೆ ಏಳು ವರ್ಷ. ಈ ಏಳು ವರ್ಷದಲ್ಲಿ ಅಪ್ಪ ನಕ್ಕಿದ್ದನ್ನು ನಾನು ನೋಡಲಿಲ್ಲ. ಮಿಲ್ಲಿಗೆ ಬಂದವರು ತಮಾಷೆ ಮಾಡಿದರೆ ಕಿವಿ ಕೇಳಿಸದವನಂತೆ ಹಿಟ್ಟಿನ ಡಬ್ಬಿ ಎತ್ತಿ ಕೊಡುತ್ತಿದ್ದ. ನಾನು ಗೆಳತಿಯರ ಮನೆಯಲ್ಲಿ ನಕ್ಕರೂ, ನಮ್ಮ ಹೊಸಿಲು ದಾಟುವ ಮುಂಚೆ ಮುಖ ಒರೆಸಿಕೊಂಡು ಬರುತ್ತಿದ್ದೆ. ಯಾರಾದರೂ ಏನಾದರೂ ಹೇಳಿ ಎಲ್ಲರೂ ನಕ್ಕಾಗ, ಇದರಿಂದ ಯಾರಿಗೆ ಏನಾಗುತ್ತದೆ ಎಂದು ಮೊದಲು ಯೋಚಿಸುವ ಅಭ್ಯಾಸ ನನಗೆ ಆಗಲೇ ಬಂತು. ಅದು ಒಳ್ಳೆಯ ಗುಣವೆಂದು ಕೆಲವರು ಹೇಳಿದ್ದಾರೆ. ಅವರು ಅದರ ಜೊತೆ ಬದುಕಿ ನೋಡಿಲ್ಲ.

ನಾನು ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾಗ, ಒಂದು ಭಾನುವಾರ ಮನೆಯಲ್ಲಿದ್ದೆ. ಜಯಮ್ಮ ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮೂಲೆಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳು. ಶೋಭಾಳಿಗೆ ಗಂಡು ಗೊತ್ತಾಗಿತ್ತು. ಚನ್ನರಾಯಪಟ್ಟಣದ ಕಡೆಯವರು, ಮದುವೆಯೂ ಅಲ್ಲೇ ಛತ್ರದಲ್ಲಿ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳು ಹೊಸ ಸೀರೆ ಉಟ್ಟಿದ್ದಳು. ಅವ್ವ ಅವಳನ್ನು ಕೂರಿಸಿ ನೀರು ಕೊಟ್ಟಳು. ಅವಳು ಚೀಲದಿಂದ ಎಲ್ಲಕ್ಕಿಂತ ಮೇಲಿದ್ದ ಪತ್ರಿಕೆ ತೆಗೆದು ನನ್ನ ಕೈಗೆ ಕೊಟ್ಟಳು.

"ಮೊದಲನೇದು ದೇವ್ರ ಮುಂದೆ ಮಡಗ್ದೆ. ಎರಡನೇದು ಮೀನಾಕ್ಷಯ್ಯನೋರ್ಗೆ. ಅಡ್ರೆಸ್ ಬರಿ ಮಗ. ಅವ್ರು ಬಂದು ಅಕ್ಷತೆ ಹಾಕುದ್ರೆ, ಸೋಬಂಗೆ ಅವ್ರಪ್ಪನ ಕಡೆಯೋರು ಒಬ್ರು ಬಂದಂಗಾಯ್ತದೆ."

ನಾನು ಪೆನ್ನು ತೆಗೆದುಕೊಂಡೆ. ಮುಚ್ಚಳ ತೆಗೆಯಲಿಲ್ಲ. ಆಗ ಅಪ್ಪ ಕುರ್ಚಿಯಿಂದ ಇಳಿದು ಅವಳ ಎದುರು ನೆಲದ ಮೇಲೆ ಕೂತ.

"ಜಯಾ, ಮೀನಾಕ್ಷಯ್ಯ ಅಂತ ಯಾರೂ ಇಲ್ಲ ಕಣವ್ವ."

ಅವಳಿಗೆ ಅರ್ಥವಾಗಲಿಲ್ಲ. "ತೀರ್ಕಂಡ್ರಾ?" ಎಂದಳು.

"ಇರ್ಲೇ ಇಲ್ಲ. ನಾನೂ ಬಶೀರನೂ ತಮಾಸಿಗೆ ಬರೆಸಿದ್ದು. ಬಸ್‌ಸ್ಟ್ಯಾಂಡಲ್ಲಿ ನಿಲ್ಸಿ ನಗ್ವ ಅಂತ. ಅವ್ನು ನೀರಿಗೆ ಓಯ್ತಾನೆ ಅಂತ ನಮ್ಗೆ..."

ಮಿಲ್ಲಿನ ಮುಂದೆ ಯಾರೋ ಡಬ್ಬಿ ಬಡಿದು ಕರೆದು, ಯಾರೂ ಬಾರದ್ದರಿಂದ ಹೋದರು. ಕೊನೆಗೆ ಜಯಮ್ಮ ಕೇಳಿದ್ದು ಒಂದೇ.

"ಮೀನಿನ ಊಟಕ್ಕೆ ಬತ್ತೀನಿ ಅಂತ ಇತ್ತಲ್ಲ ಅದ್ರಲ್ಲಿ. ಅದು ಯಾರು ಯೇಳಿದ್ದು?"

ನನ್ನ ಬಾಯಿ ತೆರೆಯಿತು. ಅಪ್ಪ ನನ್ನ ಕಡೆ ನೋಡದೆಯೇ, "ನಾನು," ಎಂದ. "ಮಗ ನಾನ್ ಯೇಳ್ದಂಗೆ ಬರೀತು, ಅಷ್ಟೆ."

ನಾನು ಬಾಯಿ ಮುಚ್ಚಿಕೊಂಡೆ. ನನಗೆ ಇಪ್ಪತ್ತು ವರ್ಷ. ಹದಿಮೂರರಲ್ಲಿ ಮುಚ್ಚಿಕೊಂಡಿದ್ದಕ್ಕೆ ಒಂದು ನೆಪ ಇತ್ತು, ಇದಕ್ಕೆ ಇಲ್ಲ. ಜಯಮ್ಮ ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆವು. ಅವಳು ದನಿ ಕೂಡ ಏರಿಸಲಿಲ್ಲ.

"ಅವತ್ತು ಬೆಳಿಗ್ಗೆ ಗಡ್ಡ ಕೆರ್ಕಂಡು, ಕನ್ನಡಿ ಮುಂದೆ ನಿಂತ್ಕಂಡು, ಮೈಸೂರಿಂದ ನನ್ನ ನೋಡಕೆ ಬತ್ತಾವ್ರೆ ಕಣೆ ಅಂದ್ರು. ಅವರ ಜೀವ್ಮಾನದಲ್ಲಿ ಯಾರೂ ಅವ್ರನ್ನ ನೋಡಕೆ ಅಂತ ಬಂದಿರ್ಲಿಲ್ಲ. ನಂಗೆ ಏಳು ವರ್ಸ ಅದೊಂದಿತ್ತು ರಾಜಣ್ಣ. ನಮ್ಮೆಜಮಾನ್ರನ್ನ ಕೇಳ್ಕಂಡು ಅಷ್ಟು ದೊಡ್ಡೋರು ಬಂದಿದ್ರು ಅಂತ ತಮ್ಮನ ಮನೇಲಿ ಎಲ್ರಿಗೂ ಯೇಳ್ಕಂಡಿದ್ದೆ. ಬೀಗ್ರಿಗೂ ಯೇಳಿವ್ನಿ. ಇವತ್ತು ಅದ್ನೂ ಇಸ್ಕಂಡ್ರಿ."

ನನ್ನ ಮುಂದಿದ್ದ ಪತ್ರಿಕೆಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಇನ್ನೊಂದನ್ನು ತೆಗೆದು, ಎದ್ದು, ಅಡುಗೆಮನೆಯ ಬಾಗಿಲಿಗೆ ಹೋಗಿ ಅವ್ವನ ಕೈಗೆ ಕೊಟ್ಟಳು.

"ಅಕ್ಕ, ನೀವು ಬನ್ನಿ. ಇವ್ರಿಬ್ರು ಬ್ಯಾಡ."

ಅವ್ವ ಒಬ್ಬಳೇ ಹೋದಳು. ಮದುವೆಯ ದಿನ ಬೆಳಿಗ್ಗೆ ನಮಗೆ ಅನ್ನ, ಬೇಳೆಸಾರು ಮಾಡಿಟ್ಟು, ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಅಪ್ಪ ಅವತ್ತು ಮಿಲ್ಲು ತೆರೆಯಲಿಲ್ಲ. ಹತ್ತು ಗಂಟೆಗೆ ಮುಹೂರ್ತ. ಗಡಿಯಾರ ಹತ್ತು ಹೊಡೆದಾಗ ಇಬ್ಬರೂ ನಡುಮನೆಯಲ್ಲಿದ್ದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಧ್ಯಾಹ್ನ ನಾನು ಬಡಿಸಿದೆ. ಎರಡು ತುತ್ತಿನ ನಂತರ, ಏಳು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಿದೆ.

"ಅಪ್ಪ, ಆ ಊಟದ ಸಾಲು ನಾನು ಬರೆದದ್ದು. ನೀನು ಹೇಳಿರಲಿಲ್ಲ."

ಅಪ್ಪ ಅನ್ನ ಕಲಸುತ್ತಲೇ ಇದ್ದ.

"ಇಲ್ಲ ಕಣ್ಮಗ, ನಾನೇ ಯೇಳಿದ್ದು. ನೀನು ಆಗ ಸಣ್ಣೋಳು. ನಿಂಗೆ ಮರ್ತೋಗೈತೆ."

"ಇಲ್ಲಪ್ಪ. ನೀನು ಓದಿ, ಇದು ಚೆನ್ನಾಗಿದೆ ಅಂದೆ."

"ನಾನೇ ಯೇಳಿದ್ದು," ಎಂದ ಅಪ್ಪ. ಈ ಸಲ ದನಿ ಗಡುಸಾಗಿತ್ತು. "ಇನ್ನೊಂದ್ಸಲ ಈ ಮಾತು ಎತ್ಬ್ಯಾಡ. ನಂಗೂ ಯೇಳ್ಬ್ಯಾಡ, ನಾಳೆ ಕಟ್ಕಂಡೋನ್ಗೂ ಯೇಳ್ಬ್ಯಾಡ."

ಅವ್ವ ಸಂಜೆ ಬಂದಳು. ಹುಡುಗಿ ಚೆನ್ನಾಗಿದ್ದಳು, ಗಂಡಿನ ಕಡೆಯವರು ಮರ್ಯಾದಸ್ಥರು, ಜಯಮ್ಮ ಎಲ್ಲರನ್ನೂ ವಿಚಾರಿಸಿಕೊಂಡಳು ಎಂದಷ್ಟೇ ಹೇಳಿದಳು. ನಮ್ಮನ್ನು ಯಾರೂ ಕೇಳಲಿಲ್ಲವೇ ಎಂದು ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಜಯಮ್ಮ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಅಪ್ಪ ಅದಾಗಿ ಐದು ವರ್ಷ ಬದುಕಿದ. ಕೊನೆಯ ದಿನಗಳಲ್ಲಿ ಹಾಸನದ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ, ಅವನ ಮಾತು ಮೀರಿ ನಾನು ಇನ್ನೊಮ್ಮೆ ಆ ಸಾಲಿನ ವಿಷಯ ಎತ್ತಿದೆ. ಮಾತಾಡುವ ಶಕ್ತಿ ಅವನಿಗೆ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಬಲಗೈ ಎತ್ತಿ, ತೋರುಬೆರಳಿನಿಂದ ತನ್ನ ಎದೆಯನ್ನು ಎರಡು ಸಲ ಮುಟ್ಟಿಕೊಂಡ. ಪಕ್ಕದ ಮಂಚದವರು, ಎದೆನೋವೇನೋ, ನರ್ಸನ್ನು ಕರೆಯಿರಿ ಎಂದರು. ನಾನು ಕರೆಯಲಿಲ್ಲ.